ಉಣ್ಣೆ, ರೇಷ್ಮೆ, ಶೇಂಗಾ: ಪ್ರೋಟೀನಿನೊಳಗಿನ ನೆರೆಹೊರೆಯ ಚರಿತ್ರೆ

ಚಳ್ಳಕೆರೆಯ ಕಂಬಳಿ, ಮೊಳಕಾಲ್ಮೂರಿನ ರೇಷ್ಮೆ ಸೀರೆ, ಎರಡೂ ತಾಲ್ಲೂಕುಗಳ ಕೆಂಪು ಹೊಲಗಳಲ್ಲಿ ಬೆಳೆಯುವ ಶೇಂಗಾ. ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವವನು ಸಂತೆಯ ವ್ಯಾಪಾರಿಯೇ ಇರಬೇಕೆಂದು ನೀವು ಭಾವಿಸಬಹುದು. ಆದರೆ ಪ್ರೋಟೀನುಗಳ ರಚನೆಯನ್ನು ಅರಿಯಲು ಮನುಷ್ಯನು ನಡೆಸಿದ ಪ್ರಯತ್ನದ ಚರಿತ್ರೆಯನ್ನು ಬರೆಯ ಹೊರಟವನಿಗೂ ಈ ಮೂರು ಪದಾರ್ಥಗಳು ಬೇಕಾಗುತ್ತವೆ. ನನ್ನ ತರಗತಿಯಲ್ಲಿ ಕುಳಿತಿದ್ದವರಿಗೆ ‘ಸಸಾರಜನಕ’ ಎಂಬ ಪಠ್ಯಪುಸ್ತಕದ ಶಬ್ದವು ನೆನಪಿರಬೇಕು. ಅದು ಬೇಳೆಕಾಳುಗಳಲ್ಲಿದೆ, ದೇಹದ ಬೆಳವಣಿಗೆಗೆ ಬೇಕು ಎಂಬಲ್ಲಿಗೆ ಆ ಪಾಠ ಮುಗಿಯುತ್ತಿತ್ತು. ನಿಜವಾದ ಕಥೆ ಆರಂಭವಾಗುವುದೇ ಅದರ ಮುಂದೆ.

ಪ್ರೋಟೀನು ಎಂದರೆ ಇಪ್ಪತ್ತು ಬಗೆಯ ಅಮೈನೊ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರ. ಆದರೆ ಸರವು ಸರವಾಗಿಯೇ ಉಳಿದರೆ ಅದರಿಂದ ಪ್ರಯೋಜನವಿಲ್ಲ. ಅದು ನಿಶ್ಚಿತವಾದ ಒಂದು ರೀತಿಯಲ್ಲಿ ಮಡಿಚಿಕೊಳ್ಳಬೇಕು. ಮೊಳಕಾಲ್ಮೂರಿನ ಸೀರೆಯೊಂದನ್ನು ಮಡಿಸಿ ಪೆಟ್ಟಿಗೆಯಲ್ಲಿಡುವಾಗ ಸೆರಗಿನ ಹೂವೊಂದು ಹತ್ತು ಮೊಳ ಆಚೆಗಿನ ಅಂಚಿನ ಹೂವಿಗೆ ಮುಖಕ್ಕೆ ಮುಖ ತಾಗುತ್ತದೆಯಷ್ಟೆ. ನೂಲಿನ ಲೆಕ್ಕದಲ್ಲಿ ದೂರದವರು, ಮಡಿಕೆಯ ಲೆಕ್ಕದಲ್ಲಿ ನೆರೆಯವರು. ಪ್ರೋಟೀನಿನಲ್ಲಿಯೂ ಹತ್ತನೆಯ ಮಣಿ ನೂರನೆಯ ಮಣಿಗೆ ತಾಗಿ ನಿಲ್ಲಬಹುದು. ಯಾರಿಗೆ ಯಾರು ನೆರೆ, ಎಷ್ಟು ಹತ್ತಿರ, ಆ ನೆರೆತನ ಎಷ್ಟು ಗಟ್ಟಿ ಎಂಬುದನ್ನು ಎಣಿಸುವುದೇ ಸಂಪರ್ಕಗಳ ವಿಶ್ಲೇಷಣೆ.

ಮೊದಲು ಪರೀಕ್ಷೆಗೆ ಸಿಕ್ಕಿದ್ದು ಉಣ್ಣೆ. ಇಂಗ್ಲೆಂಡಿನ ಲೀಡ್ಸ್ ನಗರವು ಉಣ್ಣೆಯ ಗಿರಣಿಗಳ ಊರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಆಸ್ಟ್‌ಬರಿ 1930ರ ದಶಕದಲ್ಲಿ ಉಣ್ಣೆಯ ಎಳೆಗಳ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿ, ಎಳೆದ ಉಣ್ಣೆಯ ಚಿತ್ರವೇ ಬೇರೆ, ಎಳೆಯದ ಉಣ್ಣೆಯ ಚಿತ್ರವೇ ಬೇರೆ ಎಂಬುದನ್ನು ಕಂಡನು. ಒಳಗಿನ ಸರವು ಸುರುಳಿ ಸುತ್ತಿಕೊಂಡಿದೆಯೆಂದೂ ಪ್ರತಿ ಘಟಕವು ತನ್ನಿಂದ ನಾಲ್ಕನೆಯ ಘಟಕವನ್ನು ಹೈಡ್ರೊಜನ್ ಬಂಧದಿಂದ ಹಿಡಿದಿದೆಯೆಂದೂ 1951ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ತೋರಿಸಿದರು. ರೇಷ್ಮೆಯ ಸರದಿ 1955ರಲ್ಲಿ ಬಂತು. ರೇಷ್ಮೆಯ ಫೈಬ್ರೊಯಿನ್‌ನಲ್ಲಿ ಗ್ಲೈಸೀನು, ಅಲನೀನುಗಳಂತಹ ಚಿಕ್ಕ ಮಣಿಗಳೇ ಹೆಚ್ಚು. ಸರಗಳು ಹಾಸುಗಳಾಗಿ ಹರಡಿ ಒಂದರ ಮೇಲೊಂದು ಕೂರುತ್ತವೆ. ಗ್ಲೈಸೀನಿನ ಮುಖಗಳು ಎದುರಾದಲ್ಲಿ ಹಾಸುಗಳ ಅಂತರ ಸುಮಾರು 3.5 ಆಂಗ್‌ಸ್ಟ್ರಾಮ್, ಅಲನೀನಿನ ಮುಖಗಳು ಎದುರಾದಲ್ಲಿ 5.7. ಒಂದು ಮಿಲಿಮೀಟರಿನಲ್ಲಿ ಒಂದು ಕೋಟಿ ಆಂಗ್‌ಸ್ಟ್ರಾಮ್‌ಗಳಿವೆ ಎಂದರೆ ಅಳತೆಯ ಸೂಕ್ಷ್ಮತೆ ನಿಮಗೆ ತಿಳಿದೀತು.

ಈಗ ನಮ್ಮ ದೇಶದ ಅಧ್ಯಾಯ. ಇದನ್ನು ತುಸು ನಿಧಾನವಾಗಿ ಹೇಳುತ್ತೇನೆ. ಏಕೆಂದರೆ ನಮ್ಮಲ್ಲಿ ರಾಮಚಂದ್ರನ್ ಹೆಸರನ್ನು ಹೇಳಿ ಕೈಮುಗಿಯುವವರು ಬಹಳ, ಅವರ ಕೆಲಸ ಯಾವ ಇಕ್ಕಟ್ಟಿನಲ್ಲಿ ಹುಟ್ಟಿತೆಂದು ಕೇಳುವವರು ಕಡಿಮೆ.

ಜಿ. ಎನ್. ರಾಮಚಂದ್ರನ್ 1922ರಲ್ಲಿ ಎರ್ನಾಕುಲಂನಲ್ಲಿ ಜನಿಸಿದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರು. 1952ರಲ್ಲಿ ಮದರಾಸು ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಅವರು ಕೈಗೆತ್ತಿಕೊಂಡದ್ದು ಕೊಲಾಜೆನ್ ಎಂಬ ಪ್ರೋಟೀನನ್ನು. ಚರ್ಮ, ಸ್ನಾಯುರಜ್ಜು, ಮೂಳೆಗಳಲ್ಲಿ ಇರುವುದು ಇದೇ. ಕುರಿಯ ತೊಗಲನ್ನು ಹದ ಮಾಡುವವರು ಹದ ಮಾಡುವುದೂ ಇದನ್ನೇ. 1954ರಲ್ಲಿ ಅವರೂ ಗೋಪಿನಾಥ ಕರ್ತಾ ಅವರೂ ಕೊಲಾಜೆನ್ ಮೂರು ಎಳೆಗಳ ಹುರಿ ಎಂದು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಪ್ರತಿ ಮೂರನೆಯ ಮಣಿಯೂ ಗ್ಲೈಸೀನೇ ಏಕೆ ಎಂಬ ಪ್ರಶ್ನೆಗೆ ಇಲ್ಲಿ ಉತ್ತರವಿತ್ತು: ಮೂರು ಎಳೆಗಳು ಕೂಡುವ ನಡುವಿನ ಜಾಗದಲ್ಲಿ ಅದಕ್ಕಿಂತ ದೊಡ್ಡ ಘಟಕಕ್ಕೆ ಎಡೆಯೇ ಇಲ್ಲ.

ಮರುವರ್ಷ ಕೇಂಬ್ರಿಡ್ಜಿನಿಂದ ಆಕ್ಷೇಪಣೆ ಬಂತು. ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ತಮ್ಮದೇ ಮಾದರಿಯನ್ನು ಮುಂದಿಟ್ಟರು. ಮದರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಸಲ್ಲದಷ್ಟು ಹತ್ತಿರ ಬಂದಿವೆ ಎಂಬುದು ಅವರ ತಕರಾರು. ಹೆಸರುವಾಸಿಯಾದ ವಿದೇಶೀ ಪಂಡಿತರು ಹೀಗೆಂದಾಗ ಕಿರಿಯ ಪ್ರಯೋಗಾಲಯವೊಂದರ ಮಾನವೇ ಪಣಕ್ಕೆ ಬೀಳುತ್ತದೆ. ರಾಮಚಂದ್ರನ್ ಮಾಡಿದ್ದೇನೆಂದರೆ, ‘ಸಲ್ಲದಷ್ಟು ಹತ್ತಿರ’ ಎಂದರೆ ಎಷ್ಟು ಹತ್ತಿರ ಎಂದು ಕೇಳಿದ್ದು. ಅದಕ್ಕೆ ಒಪ್ಪಿತವಾದ ಉತ್ತರವು ಆಗ ಯಾರ ಬಳಿಯೂ ಇರಲಿಲ್ಲ. ಅವರೂ ವಿ. ಶಶಿಶೇಖರನ್ ಮತ್ತು ಸಿ. ರಾಮಕೃಷ್ಣನ್ ಅವರೂ ಅಂದಿಗೆ ಲಭ್ಯವಿದ್ದ ಅಮೈನೊ ಆಮ್ಲ ಮತ್ತು ಚಿಕ್ಕ ಪೆಪ್ಟೈಡುಗಳ ಸ್ಫಟಿಕ ರಚನೆಗಳನ್ನು ಜಾಲಾಡಿ, ಪರಸ್ಪರ ಬಂಧವಿಲ್ಲದ ಪರಮಾಣುಗಳು ನಿಜವಾಗಿ ಎಷ್ಟು ಸಮೀಪ ಬಂದಿವೆ ಎಂದು ಪಟ್ಟಿ ಮಾಡಿದರು. ಇಂಗಾಲ-ಇಂಗಾಲಕ್ಕೆ ಸಾಮಾನ್ಯ ಮಿತಿ 3.2 ಆಂಗ್‌ಸ್ಟ್ರಾಮ್, ತೀರಾ ಕೊನೆಯ ಮಿತಿ 3.0; ಹೈಡ್ರೊಜನ್-ಹೈಡ್ರೊಜನ್‌ಗೆ 2.0 ಮತ್ತು 1.9. ಹೀಗೆ ಪ್ರತಿ ಜೋಡಿಗೂ ಎರಡು ಗಡಿಗಳು.

ಆ ಬಳಿಕ ಸರದ ಎರಡು ತಿರುವು ಕೋನಗಳನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ, ಯಾವ ಭಂಗಿಯಲ್ಲಿ ಪರಮಾಣುಗಳು ಗಡಿ ಮೀರಿ ಡಿಕ್ಕಿ ಹೊಡೆಯುತ್ತವೆ ಎಂದು ಲೆಕ್ಕ ಹಾಕಿದರು. ನಕ್ಷೆಯ ಬಹುಭಾಗವೆಲ್ಲ ನಿಷಿದ್ಧ ಪ್ರದೇಶವಾಯಿತು. ಕೆಲವೇ ದ್ವೀಪಗಳು ಉಳಿದವು. ಪಾಲಿಂಗರ ಸುರುಳಿಯೂ ರೇಷ್ಮೆಯ ಹಾಸೂ ಕೊಲಾಜೆನ್ನೂ ಆ ದ್ವೀಪಗಳಲ್ಲಿಯೇ ಇದ್ದವು. 1963ರಲ್ಲಿ ಪ್ರಕಟವಾದ ಈ ‘ರಾಮಚಂದ್ರನ್ ನಕ್ಷೆ’ ಇಂದಿಗೂ ಹೊಸ ಪ್ರೋಟೀನು ರಚನೆಗಳ ತಪ್ಪು-ಒಪ್ಪುಗಳನ್ನು ಪರೀಕ್ಷಿಸುವ ಒರೆಗಲ್ಲಾಗಿದೆ. ಕೊಲಾಜೆನ್ನಿನ ವಿಷಯದಲ್ಲಿ ಒಂದು ಮಾತನ್ನು ಮುಚ್ಚಿಡಬಾರದು: ಮೂರೆಳೆಯ ಹುರಿ ನಿಂತಿತು, ಆದರೆ ಪ್ರತಿ ಮೂರು ಘಟಕಗಳಿಗೆ ನೇರ ಹೈಡ್ರೊಜನ್ ಬಂಧ ಎರಡಲ್ಲ, ಒಂದೇ ಎಂಬ ವಿಷಯದಲ್ಲಿ ಕಾಲವು ರಿಚ್ ಮತ್ತು ಕ್ರಿಕ್ ಅವರ ಪಕ್ಷವನ್ನೇ ಹಿಡಿಯಿತು. ನಮ್ಮವರೆಂಬ ಅಭಿಮಾನದಿಂದ ಇದನ್ನು ಬಿಟ್ಟು ಬರೆಯುವುದು ನನಗೆ ಸರಿಕಾಣದು. ವಾದದಲ್ಲಿ ಅರ್ಧ ಸೋತವರು ಆ ವಾದದಿಂದಲೇ ಅದಕ್ಕಿಂತ ದೊಡ್ಡದನ್ನು ಪಡೆದರು.

1971ರ ಹೊತ್ತಿಗೆ ರಾಮಚಂದ್ರನ್ ಬೆಂಗಳೂರಿಗೆ ಮರಳಿ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಿಕ ಭೌತವಿಜ್ಞಾನ ವಿಭಾಗವನ್ನು ಕಟ್ಟಿದರು. ನಮ್ಮ ಶೇಂಗಾ ಬರುವುದು ಇಲ್ಲಿಯೇ. ಚಳ್ಳಕೆರೆಗೆ ಎಣ್ಣೆಯ ನಗರ ಎಂಬ ಹೆಸರನ್ನು ತಂದ ಬೀಜದಲ್ಲಿ ಎಣ್ಣೆಯಲ್ಲದೆ ಲೆಕ್ಟಿನ್ ಎಂಬ ಪ್ರೋಟೀನೂ ಉಂಟು. ಅದು ಕೆಲವು ಸಕ್ಕರೆಗಳನ್ನು ಗುರುತುಹಿಡಿದು ಅಂಟಿಕೊಳ್ಳುತ್ತದೆ. ಎಂ. ವಿಜಯನ್, ಅವಧೇಶ ಸುರೋಲಿಯಾ ಮತ್ತು ಸಂಗಡಿಗರು 1994ರಲ್ಲಿ ಶೇಂಗಾ ಲೆಕ್ಟಿನ್ನಿನ ಸ್ಫಟಿಕ ರಚನೆಯನ್ನು ಪ್ರಕಟಿಸಿದರು. ಅದರಲ್ಲಿ ಒಂದೇ ಅಚ್ಚಿನ ನಾಲ್ಕು ಉಪಘಟಕಗಳಿವೆ. ಅಂತಹ ನಾಲ್ಕು ತುಂಡುಗಳು ಕೂಡುವಾಗ ಅಚ್ಚುಕಟ್ಟಾದ ಸಮಮಿತಿ ಇರುವುದು ವಾಡಿಕೆ. ಶೇಂಗಾ ಲೆಕ್ಟಿನ್ ಆ ವಾಡಿಕೆಯನ್ನು ಮುರಿದಿತ್ತು. ವೃತ್ತ ಮುಚ್ಚದ ತೆರೆದ ಜೋಡಣೆ ಅದರದು. ಪ್ರತಿ ತುಂಡಿನ ಮಡಿಕೆ ತನ್ನ ಜಾತಿಯ ಇತರ ಲೆಕ್ಟಿನ್‌ಗಳಂತೆಯೇ ಇದ್ದರೂ ಕೂಡುವ ರೀತಿ ಮಾತ್ರ ಬೇರೆ. ಕಾರಣವನ್ನು ಎಲ್ಲಿ ಹುಡುಕಬೇಕು?

ಸಂಪರ್ಕಗಳಲ್ಲಿ. ಅದೇ ವಿಭಾಗದ ಸರಸ್ವತಿ ವಿಶ್ವೇಶ್ವರ ಅವರು ಪ್ರೋಟೀನನ್ನು ಬಲೆಯಂತೆ ನೋಡುವ ಕ್ರಮವನ್ನು ಬೆಳೆಸಿದರು. ಪ್ರತಿ ಅಮೈನೊ ಆಮ್ಲವೂ ಒಂದು ಗಂಟು. ಎರಡು ಘಟಕಗಳ ಪಾರ್ಶ್ವಸರಣಿಯ ಪರಮಾಣುಗಳು 4.5 ಆಂಗ್‌ಸ್ಟ್ರಾಮ್‌ನೊಳಗೆ ಬಂದರೆ ನಡುವೆ ಒಂದು ದಾರ. ಆದರೆ ದೊಡ್ಡ ಘಟಕಕ್ಕೆ ಸಹಜವಾಗಿಯೇ ನೆರೆಯವರು ಹೆಚ್ಚು. ಆದಕಾರಣ ತಾಗಿದ ಪರಮಾಣು ಜೋಡಿಗಳ ಸಂಖ್ಯೆಯನ್ನು ಘಟಕಗಳ ಗಾತ್ರಕ್ಕೆ ತಕ್ಕಂತೆ ಭಾಗಿಸಿ, ದಾರದ ಬಲವನ್ನು ಶೇಕಡಾವಾರು ಲೆಕ್ಕದಲ್ಲಿ ಹೇಳಬೇಕು. ದುರ್ಬಲ ದಾರಗಳನ್ನು ಒಂದೊಂದಾಗಿ ಕತ್ತರಿಸುತ್ತ ಹೋದರೆ ಬಲೆಯು ಒಂದು ಹಂತದವರೆಗೆ ಇಡಿಯಾಗಿದ್ದು, ಆಮೇಲೆ ಥಟ್ಟನೆ ಚೂರುಚೂರಾಗುತ್ತದೆ. 1999ರಲ್ಲಿ ಆರಂಭಿಕ ಲೇಖನ ಬಂತು, 2005ರಲ್ಲಿ ಕೆ. ವಿ. ಬೃಂದಾ ಮತ್ತು ಸುರೋಲಿಯಾ ಅವರೊಡನೆ ಇದೇ ಬಲೆಯ ಲೆಕ್ಕವನ್ನು ಲೆಕ್ಟಿನ್‌ಗಳಿಗೆ ಅನ್ವಯಿಸಿ, ಉಪಘಟಕಗಳ ಅಂಚಿನಲ್ಲಿ ಗುಂಪುಗೂಡಿ ನಿಲ್ಲುವ ಘಟಕಗಳಿಂದ ಕೂಡುವ ರೀತಿಯನ್ನು ವಿವರಿಸಿದರು. ಸೀರೆಯ ಒಡಲಿನಲ್ಲಿ ಭೇದವಿಲ್ಲ, ಅಂಚಿನಲ್ಲಿ ಭೇದ ಎನ್ನಬಹುದೇನೋ. ನೇಕಾರ ಮಿತ್ರರು ಒಪ್ಪುವರೆಂದು ನಂಬಿದ್ದೇನೆ.

ಇದೇ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣವು ನಮ್ಮ ಕುದಾಪುರದ ಬಳಿ 1,500 ಎಕರೆಗಳಲ್ಲಿ ನಿಂತಿದೆ; ಶಾಲಾ ಶಿಕ್ಷಕರಿಗೆ ಅಲ್ಲಿ ವಿಜ್ಞಾನದ ತರಬೇತಿ ನಡೆಯುತ್ತದೆ. ಆ ನೆಲವು ಅಮೃತಮಹಲ್ ಕಾವಲು, ಕುರಿಗಾಹಿಗಳ ಮೇವಿನ ಭೂಮಿ. ಉಣ್ಣೆಯ ಒಳಗಿನ ಸುರುಳಿಯನ್ನು ಬಲ್ಲ ಸಂಸ್ಥೆಗೆ ಉಣ್ಣೆಯ ಕುರಿ ಮೇಯುತ್ತಿದ್ದ ಹುಲ್ಲಿನ ಋಣವೂ ಇದೆ ಎಂಬುದು ನನ್ನ ಅಭಿಪ್ರಾಯ. ಕುರಿ ಕಾಯುವವರ ಮಕ್ಕಳು ಅಲ್ಲಿನ ಪ್ರಯೋಗಾಲಯದ ಬಾಗಿಲನ್ನು ದಾಟುವಂತಾದರೆ ಋಣದಲ್ಲಿ ಸ್ವಲ್ಪ ಭಾಗ ತೀರೀತು.

ಈಚಿನ ಬೆಳವಣಿಗೆಯನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ: ಸರವನ್ನು ಕೊಟ್ಟರೆ ಮಡಿಕೆಯನ್ನು ಊಹಿಸುವ ಆಲ್ಫಾಫೋಲ್ಡ್ ಎಂಬ ಗಣಕ ವ್ಯವಸ್ಥೆಗಾಗಿ ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಅವರಿಗೆ 2024ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ಬಂತು. ಆ ದಾರಿಗೂ ಬುನಾದಿ ನೆರೆತನದ ಲೆಕ್ಕವೇ. ವಿಕಾಸದಲ್ಲಿ ಎರಡು ಘಟಕಗಳು ಜೊತೆಜೊತೆಯಾಗಿ ಬದಲಾಗಿದ್ದರೆ ಅವು ಮಡಿಕೆಯಲ್ಲಿ ಒಂದಕ್ಕೊಂದು ತಾಗಿರುವ ಸಂಭವ ಹೆಚ್ಚು.

ಗಣಕಯಂತ್ರವಿರುವ ನನ್ನ ಶಿಷ್ಯರು ಒಂದು ಕೆಲಸ ಮಾಡಬಹುದು. 1971ರಲ್ಲಿ ಆರಂಭವಾದ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಭಂಡಾರದಲ್ಲಿ ಈಗ ಎರಡು ಲಕ್ಷಕ್ಕೂ ಮೀರಿದ ರಚನೆಗಳಿವೆ, ಯಾರು ಬೇಕಾದರೂ ಉಚಿತವಾಗಿ ತೆರೆದು ನೋಡಬಹುದು. ಶೇಂಗಾ ಲೆಕ್ಟಿನ್ನಿನ ಒಂದು ರಚನೆಯ ಸಂಕೇತ ಅಂಕಿ 2, ಬಳಿಕ ಪಿ, ಇ, ಎಲ್. ಅದನ್ನು ತೆರೆದು, ನಾಲ್ಕು ತುಂಡುಗಳಿಗೆ ನಾಲ್ಕು ಬಣ್ಣ ಕೊಟ್ಟು, ಎರಡು ಬಣ್ಣಗಳು ಕೂಡುವ ಕಡೆ ಪರಮಾಣುಗಳ ದೂರವನ್ನು ಅಳೆಯಿರಿ. 4.5ರೊಳಗೆ ಬಂದ ಜೋಡಿಗಳನ್ನು ಒಂದು ಹಾಳೆಯ ಮೇಲೆ ಗುರುತು ಹಾಕಿಕೊಂಡು ನನಗೆ ಕಳುಹಿಸಿದರೆ, ಎಂದಿನಂತೆ ಕೆಂಪು ಶಾಯಿಯಲ್ಲಿ ತಿದ್ದಿ ಹಿಂದಿರುಗಿಸುತ್ತೇನೆ.