ದಾನಾರ್ಥವಾದ ಬೈಸಿಕಲ್ ಯಾತ್ರೆ

ಅಮೆರಿಕಾ ಸಂಯುಕ್ತ ಸಂಸ್ಥಾನವನ್ನು ಪಡುಗಡಲಿನಿಂದ ಮೂಡುಗಡಲಿನವರೆಗೆ ಬೈಸಿಕಲ್ಲಿನ ಮೇಲೆ ದಾಟುವುದು ಅಲ್ಲಿಯ ತರುಣರಿಗೆ ಈಗ ಅಪೂರ್ವವಾದ ಸಂಗತಿಯಲ್ಲ. ಬೇಸಗೆ ಬಂದಿತೆಂದರೆ ಯಾವುದಾದರೊಂದು ಧರ್ಮಕಾರ್ಯದ ಹೆಸರು ಹೇಳಿಕೊಂಡು ಗುಂಪುಗುಂಪಾಗಿ ಹೊರಡುತ್ತಾರೆ. ಆದರೆ ಸವಾರಿಯೂ ದಾನವೂ ಹೀಗೆ ಒಂದೇ ನೊಗಕ್ಕೆ ಹೂಡಲ್ಪಟ್ಟುದು ಬಹಳ ಹಿಂದಿನ ಮಾತಲ್ಲ. ಈ ಚರಿತ್ರೆಯನ್ನು ಅರಿಯಬೇಕಾದರೆ ಚಕ್ರವನ್ನು ನೋಡಿದಷ್ಟೇ ಗಮನವಿಟ್ಟು ಹಣದ ಚೀಲವನ್ನೂ ನೋಡಬೇಕಾಗುತ್ತದೆ.

ಆ ದೇಶವನ್ನು ಬೈಸಿಕಲ್ಲಿನ ಮೇಲೆ ಮೊದಲು ದಾಟಿದವನು ಥಾಮಸ್ ಸ್ಟೀವನ್ಸ್ ಎಂಬಾತನು. ಅವನು ೧೮೮೪ರ ಏಪ್ರಿಲ್ ೨೨ರಂದು ಸ್ಯಾನ್‌ಫ್ರಾನ್ಸಿಸ್ಕೋ ನಗರದ ಬಳಿಯಿಂದ ಹೊರಟು ಆಗಸ್ಟ್ ೪ರಂದು ಬಾಸ್ಟನ್ ಪಟ್ಟಣವನ್ನು ಸೇರಿದನು. ಅವನ ಗಾಡಿಯ ಮುಂದಿನ ಚಕ್ರವು ಎದೆಯೆತ್ತರ, ಹಿಂದಿನದು ಮೊಳದಷ್ಟು. ರಸ್ತೆಯಿಲ್ಲದ ಕಡೆ ಇಳಿದು ತಳ್ಳಿಕೊಂಡು ನಡೆದುದೇ ದಾರಿಯ ಮೂರರಲ್ಲೊಂದು ಪಾಲಾಯಿತು. ಅವನು ಯಾರ ಸಲುವಾಗಿಯೂ ಹೊರಟವನಲ್ಲ. ಕೀರ್ತಿಯೇ ಅವನ ಸಂಬಳ. ೧೮೯೭ರಲ್ಲಿ ಇಪ್ಪತ್ತು ಮಂದಿ ಕಪ್ಪುವರ್ಣದ ಸಿಪಾಯಿಗಳು ಲೆಫ್ಟಿನೆಂಟ್ ಜೇಮ್ಸ್ ಮಾಸ್ ಎಂಬುವನ ಕೈಕೆಳಗೆ ಮಾಂಟಾನಾ ಪ್ರಾಂತದ ಮಿಸೂಲಾ ಕೋಟೆಯಿಂದ ಸೇಂಟ್ ಲೂಯಿಸ್ ನಗರದವರೆಗೆ ಸುಮಾರು ೧೯೦೦ ಮೈಲಿಗಳನ್ನು ೪೧ ದಿನಗಳಲ್ಲಿ ಕ್ರಮಿಸಿದರು. ಇದು ಗುಂಪಿನ ಯಾತ್ರೆಯೇನೋ ಹೌದು. ಆದರೆ ಆಜ್ಞೆ ಸರಕಾರದ್ದು, ದಾರಿಯಲ್ಲಿ ಮುಂಚಿತವಾಗಿ ಇರಿಸಿದ್ದ ಆಹಾರವೂ ಸರಕಾರದ್ದು. ತರುವಾಯ ೧೯೭೬ರಲ್ಲಿ, ಆ ದೇಶದ ಸ್ವಾತಂತ್ರ್ಯದ ಇನ್ನೂರನೆಯ ವರ್ಷದ ಉತ್ಸವಕ್ಕಾಗಿ, ಆರೆಗನ್ ಪ್ರಾಂತದಿಂದ ವರ್ಜೀನಿಯಾದ ಯಾರ್ಕ್‌ಟೌನ್‌ವರೆಗೆ ಸುಮಾರು ೪೨೫೦ ಮೈಲಿಗಳ ದಾರಿಯನ್ನು ಗುರುತಿಸಿದರು. ನಾಲ್ಕು ಸಾವಿರಕ್ಕೂ ಮಿಕ್ಕ ಜನರು ಆ ವರ್ಷ ಅದರ ಮೇಲೆ ಸವಾರಿ ಮಾಡಿದರು. ಸಾಧಾರಣ ಗೃಹಸ್ಥನೂ ಇಷ್ಟು ದೂರ ಹೋಗಬಲ್ಲನೆಂಬುದು ಇದರಿಂದ ಸ್ಥಿರಪಟ್ಟಿತು.

ಇನ್ನು ಪ್ರಕೃತವಾದ ವಿಷಯ. ಬಡದೇಶಗಳ ಹಸಿವನ್ನು ನಿವಾರಿಸಲು ಶ್ರಮಿಸುವ ಆಕ್ಸ್‌ಫ್ಯಾಮ್ ಅಮೆರಿಕಾ ಎಂಬ ಸಂಸ್ಥೆಯು ೧೯೭೪ರಿಂದ ಒಂದು ಉಪವಾಸವನ್ನು ಪ್ರಚಾರಕ್ಕೆ ತಂದಿತ್ತು. ಒಂದು ದಿನ ಊಟ ಬಿಟ್ಟವರು ಆ ಊಟದ ವೆಚ್ಚವನ್ನು ಸಂಸ್ಥೆಗೆ ಒಪ್ಪಿಸುವುದು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಲ್ಲಿ ಈ ಕಾರ್ಯದ ಮುಂದಾಳಾಗಿದ್ದವರು ಡ್ಯಾನ್ ಪಲೋಟಾ ಎಂಬ ತರುಣರು. ಇವರು ೧೯೮೩ರಲ್ಲಿ ಸುಮಾರು ನಾಲ್ವತ್ತು ಮಂದಿ ಸಹಪಾಠಿಗಳನ್ನು ಕೂಡಿಸಿ, ಸಿಯಾಟಲ್ ನಗರದಿಂದ ಬಾಸ್ಟನ್‌ವರೆಗೆ ಬೈಸಿಕಲ್ಲಿನಲ್ಲಿ ಹೋಗಿ, ಅದೇ ಸಂಸ್ಥೆಗೆ ಸುಮಾರು ೮೦,೦೦೦ ಡಾಲರುಗಳನ್ನು ಕೂಡಿಸಿಕೊಟ್ಟರು. ಸಿಯಾಟಲ್ಲಿನಿಂದ ಮೂಡಲಿಗೆ ಹೊರಟವರಿಗೆ ಮೊದಲ ದಿನಗಳಲ್ಲಿಯೇ ಕ್ಯಾಸ್ಕೇಡ್ ಪರ್ವತಗಳು ಇದಿರಾಗುತ್ತವೆ. ಅದು ಮುಗಿಯಿತೆನ್ನುವಷ್ಟರಲ್ಲಿ ರಾಕಿ ಪರ್ವತಗಳು. ಆಮೇಲೆ ನೆರಳಿಲ್ಲದ ಬಯಲು. ಉಪವಾಸವು ವ್ರತವಾದರೆ ಇದು ತಪಸ್ಸು. ಸವಾರನು ಬೆವರುವುದಕ್ಕೂ ಪರದೇಶದ ಹಸಿದವನ ಹೊಟ್ಟೆ ತುಂಬುವುದಕ್ಕೂ ಕಾರ್ಯಕಾರಣಸಂಬಂಧವೇನೆಂದು ತಾರ್ಕಿಕನು ಕೇಳಬಹುದು. ಸಂಬಂಧವಿರುವುದು ದಾತೃವಿನ ಮನಸ್ಸಿನಲ್ಲಿ. ಬರಿಗೈ ಚಾಚಿದವನಿಗೆ ಇಲ್ಲವೆನ್ನುವುದು ಸುಲಭ. ನಾಲ್ಕು ತಿಂಗಳ ಮುಂಚೆಯೇ ಕಾಲು ಹದಮಾಡಿಕೊಳ್ಳುತ್ತಿರುವ ನೆರೆಮನೆಯ ಹುಡುಗನಿಗೆ ಇಲ್ಲವೆನ್ನಲು ನಾಲಿಗೆ ಏಳದು.

ಆದರೆ ನಾಲ್ವತ್ತು ಮಂದಿ ಹೊರಟರೆಂದಮೇಲೆ ಅವರ ಊಟ, ಬಿಡಾರ, ಹಿಂದೆ ಬರುವ ಸಾಮಾನಿನ ಬಂಡಿ, ಔಷಧ ಇವೆಲ್ಲ ಬೇಕಷ್ಟೆ. ಅವು ಎಲ್ಲಿಂದ ಬರಬೇಕು? ಹಸಿದವನಿಗೆಂದು ಎತ್ತಿದ ಹಣದಿಂದಲೆ? ಈ ಪ್ರಶ್ನೆಗೆ ಆ ದೇಶದಲ್ಲಿಯೇ ಎರಡು ಉತ್ತರಗಳು ಹುಟ್ಟಿಕೊಂಡವು.

ಮೊದಲನೆಯದು ಮ್ಯಾಸಚೂಸೆಟ್ಸ್ ಪ್ರಾಂತದ್ದು. ತಾಯಿಯನ್ನು ಕ್ಯಾನ್ಸರ್ ರೋಗಕ್ಕೆ ಕಳೆದುಕೊಂಡಿದ್ದ ಬಿಲ್ಲಿ ಸ್ಟಾರ್ ಎಂಬವರು ೧೯೮೦ರಲ್ಲಿ ೩೬ ಮಂದಿಯೊಡನೆ ಸ್ಪ್ರಿಂಗ್‌ಫೀಲ್ಡ್‌ನಿಂದ ಪ್ರಾವಿನ್ಸ್‌ಟೌನ್‌ವರೆಗೆ ಹೋಗಿ ೧೦,೨೦೦ ಡಾಲರು ಕೂಡಿಸಿದರು. ದೇಶವನ್ನಲ್ಲ, ಒಂದು ಪ್ರಾಂತವನ್ನು ದಾಟಿದುದು. ಆದರೂ ಅದು ವರ್ಷವೂ ತಪ್ಪದೆ ಬೆಳೆಯಿತು. ಖರ್ಚನ್ನು ವರ್ತಕಸಂಸ್ಥೆಗಳ ಸಹಾಯ, ಪ್ರವೇಶಶುಲ್ಕ ಮೊದಲಾದವುಗಳಿಂದ ತೂಗಿಸಿ, ೨೦೦೭ರಿಂದೀಚೆಗೆ ಸವಾರರು ತಂದ ಪ್ರತಿಯೊಂದು ಡಾಲರನ್ನೂ ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಒಪ್ಪಿಸುತ್ತಿದ್ದಾರೆ. ೨೦೨೪ರ ವೇಳೆಗೆ ಒಟ್ಟು ಮೊತ್ತವು ನೂರು ಕೋಟಿ ಡಾಲರುಗಳನ್ನು ಮೀರಿತು.

ಎರಡನೆಯದು ಪಲೋಟಾ ಅವರದೇ. ಏಡ್ಸ್ ರೋಗವು ತರುಣರನ್ನು ಸಾಲುಸಾಲಾಗಿ ಒಯ್ಯುತ್ತಿದ್ದ ಕಾಲದಲ್ಲಿ, ೧೯೯೪ರಲ್ಲಿ, ಅವರು ೪೭೮ ಸವಾರರನ್ನು ಸ್ಯಾನ್‌ಫ್ರಾನ್ಸಿಸ್ಕೋದಿಂದ ಲಾಸ್ ಏಂಜಲೀಸ್‌ವರೆಗೆ ಏಳು ದಿನಗಳಲ್ಲಿ ಕರೆದೊಯ್ದರು. ಡೇರೆ, ಅಡಿಗೆ, ಸ್ನಾನದ ವ್ಯವಸ್ಥೆ, ವೈದ್ಯರು ಇವೆಲ್ಲ ಒಂದು ಊರೇ ಎದ್ದು ನಡೆದಂತೆ. ಪತ್ರಿಕೆಗಳಲ್ಲಿ ದೊಡ್ಡ ಪ್ರಕಟಣೆಗಳು, ಕೆಲಸಗಾರರಿಗೆ ಸಂಬಳ. ಖರ್ಚು ಮಾಡಿದರೆ ಆದಾಯವೂ ಹೆಚ್ಚುವುದೆಂಬುದು ಅವರ ಮತ. ಹೆಚ್ಚಿದುದೂ ನಿಜ: ಬೈಸಿಕಲ್ ಸವಾರಿ, ಕಾಲ್ನಡಿಗೆ ಎರಡರಲ್ಲೂ ಸೇರಿ ಒಂಬತ್ತು ವರ್ಷಗಳಲ್ಲಿ ೧,೮೨,೦೦೦ ಜನರು ೫೮ ಕೋಟಿ ಡಾಲರು ಕೂಡಿಸಿದರೆಂದು ಅವರು ಲೆಕ್ಕ ಕೊಟ್ಟಿದ್ದಾರೆ. ಆದರೆ ಕೆಲವು ಯಾತ್ರೆಗಳಲ್ಲಿ ಧರ್ಮಕ್ಕೆ ಮುಟ್ಟಿದುದು ಅರ್ಧಕ್ಕಿಂತ ಕಡಿಮೆಯೆಂದು ತಿಳಿದಾಗ ಜನರು ಕೆರಳಿದರು. ೨೦೦೨ರಲ್ಲಿ ಅವರ ಕಂಪೆನಿಯು ಮುಚ್ಚಿತು. ತೇರಿಗೆ ಹಗ್ಗ ಬೇಕೆಂಬ ಅವರ ವಾದವು ತಳ್ಳಿಹಾಕತಕ್ಕುದಲ್ಲ. ಆದರೆ ಹಗ್ಗದ ಬೆಲೆಯನ್ನು ಕಾಣಿಕೆ ಹಾಕುವವನಿಗೆ ಮೊದಲೇ ತಿಳಿಸಬೇಕಾಗಿತ್ತು. ಮಿತ್ರನ ಚಿಕಿತ್ಸೆಗೆಂದು ನೂರು ಡಾಲರು ಕೊಟ್ಟ ಬಡವನು ಅದು ಪ್ರಕಟಣೆಗೆ ಸಂದಿತೆಂದು ಕೇಳಿದಾಗ, ಮುಂದಿನ ವರ್ಷದ ಲಾಭದ ಮಾತಿನಿಂದ ಅವನಿಗೆ ಸಮಾಧಾನವಾಗದು.

ಹಣ ಪಡೆಯುತ್ತಿದ್ದ ಸಂಸ್ಥೆಗಳು ಅದೇ ೨೦೦೨ರಲ್ಲಿ ಖರ್ಚು ತಗ್ಗಿಸಬೇಕೆಂದು ತಾವೇ ಆ ದಾರಿಯಲ್ಲಿ ಯಾತ್ರೆಯನ್ನು ಹೊರಡಿಸತೊಡಗಿದವು. ಅದು ಎರಡು ದಶಕಗಳಿಗೂ ಮೇಲ್ಪಟ್ಟು ನಡೆಯಿತು. ಕೊನೆಗೆ ವೆಚ್ಚವು ಏರಿ ಸವಾರರು ಕಡಿಮೆಯಾದರೆಂದು ಅವರೂ ನಿಲ್ಲಿಸಲು ನಿಶ್ಚಯಿಸಿ, ೨೦೨೫ರ ಜೂನ್ ತಿಂಗಳಲ್ಲಿ ಕಡೆಯ ಸಲ ಲಾಸ್ ಏಂಜಲೀಸ್‌ಗೆ ಹೊರಟರು.