ಕಟಾಂಗಾ: ಮಾನ್ಯತೆ ಸಿಗದ ರಾಜ್ಯ, ಬತ್ತದ ಬೊಕ್ಕಸ (1960–63)

ಕಾಂಗೋ ಬೆಲ್ಜಿಯಂನಿಂದ ಸ್ವತಂತ್ರವಾದದ್ದು 1960ರ ಜೂನ್ 30ರಂದು. ಹನ್ನೊಂದೇ ದಿನಗಳಲ್ಲಿ, ಜುಲೈ 11ರಂದು, ಅದರ ಆಗ್ನೇಯ ಪ್ರಾಂತ್ಯ ಕಟಾಂಗಾ ತಾನು ಬೇರೆ ದೇಶವೆಂದು ಸಾರಿಕೊಂಡಿತು. ನಾಯಕ ಮೊಯಿಸ್ ಚೋಂಬೆ. ಅಷ್ಟರೊಳಗೆ ಕಾಂಗೋದ ಸೈನಿಕರು ಬೆಲ್ಜಿಯನ್ ಅಧಿಕಾರಿಗಳ ವಿರುದ್ಧ ದಂಗೆ ಎದ್ದಿದ್ದರು. ತನ್ನ ಪ್ರಜೆಗಳ ರಕ್ಷಣೆಯ ಹೆಸರಿನಲ್ಲಿ ಬೆಲ್ಜಿಯಂ ಸೈನ್ಯ ಇಳಿಸಿತ್ತು. ಈ ಪ್ರತ್ಯೇಕತೆ ಎರಡೂವರೆ ವರ್ಷ ಬಾಳಿತು. ಅದನ್ನು ಮುಗಿಸಿದ್ದು ಬಂದೂಕು, ಮಾತುಕತೆ ಸೋತಿತು ಎಂಬ ಅಭಿಪ್ರಾಯ ಸಾಮಾನ್ಯವಾಗಿದೆ. ಅದು ಅರ್ಧ ಸತ್ಯ. ಕಟಾಂಗಾಕ್ಕೆ ಯಾವ ದೇಶದ ಮಾನ್ಯತೆಯೂ ದಕ್ಕದಂತೆ ನೋಡಿಕೊಳ್ಳುವುದರಲ್ಲಿ ರಾಜತಂತ್ರ ಪೂರ್ತಿಯಾಗಿ ಗೆದ್ದಿತು. ಸೋತದ್ದು ಇನ್ನೊಂದು ಕಡೆ: ಅದು ಕಟಾಂಗಾದ ಬೊಕ್ಕಸವನ್ನು ಮುಟ್ಟಲಿಲ್ಲ.

ತಾಮ್ರ, ಕೋಬಾಲ್ಟ್, ಯುರೇನಿಯಂ ಎಲ್ಲವೂ ಕಟಾಂಗಾದ ನೆಲದಲ್ಲಿದ್ದವು. ಗಣಿಗಳು ‘ಯೂನಿಯನ್ ಮಿನಿಯೇರ್’ ಕಂಪನಿಯ ಕೈಯಲ್ಲಿದ್ದವು. ಕಂಪನಿ ಕೊಡುತ್ತಿದ್ದ ತೆರಿಗೆ ರಾಜಧಾನಿ ಲಿಯೋಪೋಲ್ಡ್‌ವಿಲ್‌ಗೆ ಹೋಗದೆ ಚೋಂಬೆಯ ಖಜಾನೆ ಸೇರತೊಡಗಿತು. ಬಾಡಿಗೆ ಸೈನಿಕರ ಸಂಬಳ ಹುಟ್ಟಿದ್ದು ಅಲ್ಲಿಂದಲೇ. ಬೆಲ್ಜಿಯಂ ಕೂಡ ಕಟಾಂಗಾವನ್ನು ವಿಧ್ಯುಕ್ತವಾಗಿ ಮಾನ್ಯ ಮಾಡಲಿಲ್ಲ. ಆದರೆ ಅಧಿಕಾರಿಗಳನ್ನೂ ಸಲಹೆಗಾರರನ್ನೂ ಧಾರಾಳವಾಗಿ ಒದಗಿಸಿತು.

ಭದ್ರತಾ ಮಂಡಳಿ 1960ರ ಜುಲೈ 14ರಂದು ವಿಶ್ವಸಂಸ್ಥೆಯ ಪಡೆಗೆ ಒಪ್ಪಿಗೆ ಕೊಟ್ಟಿತು. ಆಗಸ್ಟ್ ಮೊದಲ ವಾರ ಕಟಾಂಗಾದ ರಾಜಧಾನಿ ಎಲಿಸಬೆತ್‌ವಿಲ್‌ಗೆ ಹೋದ ವಿಶ್ವಸಂಸ್ಥೆಯ ಹಿರಿಯ ಅಧಿಕಾರಿ ರಾಲ್ಫ್ ಬಂಚ್, ಪಡೆ ಬಂದರೆ ಹೋರಾಡುತ್ತೇವೆಂಬ ಬೆದರಿಕೆ ಕೇಳಿ ಹಿಂದಿರುಗಿದರು. ಪಡೆಯ ಪ್ರವೇಶ ಮುಂದಕ್ಕೆ ಹೋಯಿತು. ಆಗಸ್ಟ್ 9ರ ನಿರ್ಣಯ ಎರಡು ಮಾತುಗಳನ್ನು ಒಟ್ಟಿಗೆ ಹೇಳಿತು: ಪಡೆ ಕಟಾಂಗಾ ಪ್ರವೇಶಿಸಲೇಬೇಕು, ಆದರೆ ಆಂತರಿಕ ಕಲಹದಲ್ಲಿ ಯಾರ ಪಕ್ಷವನ್ನೂ ವಹಿಸಕೂಡದು. ಮೂರೇ ದಿನಗಳಲ್ಲಿ ಪ್ರಧಾನ ಕಾರ್ಯದರ್ಶಿ ಡಾಗ್ ಹ್ಯಾಮರ್‌ಶೋಲ್ಡ್ ಸ್ವೀಡಿಷ್ ಸೈನಿಕರೊಂದಿಗೆ ತಾವೇ ಎಲಿಸಬೆತ್‌ವಿಲ್‌ನಲ್ಲಿ ಇಳಿದರು. ಪ್ರವೇಶವಂತೂ ಆಯಿತು. ಆದರೆ ಅದಕ್ಕಾಗಿ ಚೋಂಬೆಯೊಂದಿಗೆ ನೇರವಾಗಿ ಮಾತಾಡಿದ್ದು ಪ್ರಧಾನಿ ಪ್ಯಾಟ್ರಿಸ್ ಲುಮುಂಬಾ ಅವರನ್ನು ಕೆರಳಿಸಿತು. ಪ್ರಾಂತ್ಯದ ನಾಯಕನನ್ನು ಸರಿಸಮನಾಗಿ ಕಂಡರಲ್ಲ ಎಂಬ ಅವರ ಸಿಟ್ಟು ನ್ಯಾಯವಾದದ್ದೇ ಎಂದು ನನ್ನ ತೀರ್ಮಾನ. ಲುಮುಂಬಾ ಸೋವಿಯತ್ ನೆರವಿನತ್ತ ತಿರುಗಿದರು. ಸೆಪ್ಟೆಂಬರ್‌ನಲ್ಲಿ ಅಧಿಕಾರ ಕಳೆದುಕೊಂಡರು. 1961ರ ಜನವರಿ 17ರಂದು ಕಟಾಂಗಾದ ನೆಲದಲ್ಲಿಯೇ ಕೊಲೆಯಾದರು.

ಆ ಕೊಲೆ ಮಂಡಳಿಯ ಭಾಷೆಯನ್ನು ಬದಲಿಸಿತು. ಅಂತರ್ಯುದ್ಧ ತಡೆಯಲು ಕೊನೆಯ ಉಪಾಯವಾಗಿ ಬಲಪ್ರಯೋಗ ಮಾಡಬಹುದೆಂದು ಫೆಬ್ರವರಿ 21ರ ನಿರ್ಣಯ ಹೇಳಿತು. ನೆಹರೂ ಅವರ ಸರ್ಕಾರ ಭಾರತದ ಕಾಳಗದ ಬ್ರಿಗೇಡನ್ನು ಕಳಿಸಿದ್ದು ಇದರ ನಂತರವೇ. ಆ ಮೊದಲು, 1960ರ ಸೆಪ್ಟೆಂಬರ್‌ನಿಂದ, ಹ್ಯಾಮರ್‌ಶೋಲ್ಡರ ಪ್ರತಿನಿಧಿಯಾಗಿ ಕಾಂಗೋದಲ್ಲಿದ್ದವರೂ ಭಾರತೀಯರೇ: ರಾಜೇಶ್ವರ ದಯಾಳ್.

1961ರ ಸೆಪ್ಟೆಂಬರ್ 13ರಂದು ವಿಶ್ವಸಂಸ್ಥೆಯ ಪಡೆಗೂ ಕಟಾಂಗಾದ ಪಡೆಗೂ ಎಲಿಸಬೆತ್‌ವಿಲ್‌ನಲ್ಲಿ ಕದನ ಹತ್ತಿತು. ಅದನ್ನು ನಿಲ್ಲಿಸಲು, ಚೋಂಬೆಯನ್ನು ಕಾಣಲು, ಹ್ಯಾಮರ್‌ಶೋಲ್ಡ್ ಉತ್ತರ ರೊಡೇಶಿಯದ ಎನ್‌ಡೋಲಾಕ್ಕೆ ಹೊರಟರು. 17ರ ನಡುರಾತ್ರಿ ದಾಟಿದ ಮೇಲೆ ಅವರ ವಿಮಾನ ನಿಲ್ದಾಣದ ಸಮೀಪದ ಕಾಡಿನಲ್ಲಿ ಬಿದ್ದಿತು. ಅದರಲ್ಲಿದ್ದ ಹದಿನಾರು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಡಿಸೆಂಬರ್ 5ರಂದು ಅದೇ ಎಲಿಸಬೆತ್‌ವಿಲ್‌ನಲ್ಲಿ ರಸ್ತೆತಡೆ ಒಡೆಯಲು ನುಗ್ಗಿದ ಗೂರ್ಖಾ ರೈಫಲ್ಸ್‌ನ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಪ್ರಾಣ ತೆತ್ತರು. ಮರಣೋತ್ತರವಾಗಿ ಪರಮವೀರ ಚಕ್ರ ಪಡೆದರು.

ಆ ತಿಂಗಳ ಕಾಳಗದ ಒತ್ತಡದಲ್ಲಿಯೇ ಕಿಟೋನಾ ಒಪ್ಪಂದ ಕುದುರಿತು. ಅಮೆರಿಕದ ರಾಯಭಾರಿ ಎಡ್ಮಂಡ್ ಗಲಿಯನ್ ಚೋಂಬೆಯನ್ನು ಪಶ್ಚಿಮ ಕರಾವಳಿಯ ಹತ್ತಿರದ ಆ ಸೇನಾ ನೆಲೆಗೆ ಕರೆತಂದರು. ಎದುರಿಗೆ ಪ್ರಧಾನಿ ಸಿರಿಲ್ ಅಡೂಲಾ. ಡಿಸೆಂಬರ್ 21ರಂದು ಚೋಂಬೆ ಎಂಟು ಅಂಶಗಳಿಗೆ ಸಹಿ ಹಾಕಿದರು. ಕಾಂಗೋ ಅಖಂಡ, ಕಾಸಾವುಬು ರಾಷ್ಟ್ರದ ಮುಖ್ಯಸ್ಥ, ಕಟಾಂಗಾದ ಸಶಸ್ತ್ರ ಪಡೆ ಅವರ ಅಧೀನ ಎಂಬವೆಲ್ಲ ಅದರಲ್ಲಿದ್ದವು. ಒಪ್ಪಂದವೆಂದರೆ ಇಷ್ಟು ಪೂರ್ತಿಯಾಗಿರಬೇಕು. ಆದರೆ ತೆರಿಗೆಯ ಹಣ ಯಾರಿಗೆ ಸೇರಬೇಕೆಂಬ ಮಾತು ಆ ಎಂಟರಲ್ಲಿ ಒಂದಾಗಿರಲಿಲ್ಲ. ಕಟಾಂಗಾದ ಶಾಸನಸಭೆ ಒಪ್ಪಬೇಕೆಂದು ಚೋಂಬೆ ಬೇಗನೆ ವರಸೆ ಬದಲಿಸಿದರು. 1962ರ ಮಾರ್ಚ್‌ನಿಂದ ಜೂನ್‌ವರೆಗೆ ಲಿಯೋಪೋಲ್ಡ್‌ವಿಲ್‌ನಲ್ಲಿ ನಡೆದ ಮಾತುಕತೆಯೂ ಬರಿಗೈಯಲ್ಲಿ ಮುಗಿಯಿತು. ಗಣಿಯ ಹಣ ಬರುತ್ತಿರುವವರೆಗೆ ಕಾಲ ತಳ್ಳುವುದೇ ಚೋಂಬೆಗೆ ಲಾಭವಾಗಿತ್ತು.

ಇದನ್ನು ಕಂಡುಕೊಂಡವರು ಹೊಸ ಪ್ರಧಾನ ಕಾರ್ಯದರ್ಶಿ ಬರ್ಮಾದ ಊ ಥಾಂಟ್. 1962ರ ಆಗಸ್ಟ್‌ನ ಅವರ ಯೋಜನೆಯಲ್ಲಿ ಒಕ್ಕೂಟ ಸಂವಿಧಾನ, ಕ್ಷಮಾದಾನ, ಸೇನೆಗಳ ವಿಲೀನದ ಜೊತೆಗೆ ಆದಾಯವನ್ನು ಕೇಂದ್ರವೂ ಕಟಾಂಗಾವೂ ಅರ್ಧರ್ಧ ಹಂಚಿಕೊಳ್ಳುವ ಸ್ಪಷ್ಟ ಸೂತ್ರವಿತ್ತು. ಒಪ್ಪದಿದ್ದರೆ ಆರ್ಥಿಕ ಒತ್ತಡ ಹೇರುವ ಎಚ್ಚರಿಕೆಯೂ ಇತ್ತು. ಈ ಸೂತ್ರ 1960ರಲ್ಲಿಯೇ ಮೇಜಿನ ಮೇಲೆ ಬರಬೇಕಿತ್ತು. ಚೋಂಬೆ ತಾತ್ವಿಕವಾಗಿ ಒಪ್ಪಿ ಆಚರಣೆಯಲ್ಲಿ ಎಳೆದಾಡಿದರು.

ಡಿಸೆಂಬರ್ 28ರಂದು ಜನರಲ್ ದಿವಾನ್ ಪ್ರೇಮಚಂದ್ ಅವರ ನೇತೃತ್ವದಲ್ಲಿ ವಿಶ್ವಸಂಸ್ಥೆಯ ಪಡೆಯ ಕೊನೆಯ ಕಾರ್ಯಾಚರಣೆ ಶುರುವಾಯಿತು. ಸೇತುವೆಗಳನ್ನು ಉರುಳಿಸಿದ್ದ ಲುಫಿರಾ ನದಿಯನ್ನು ಬ್ರಿಗೇಡಿಯರ್ ನೊರೋನಾ ಅವರ ಭಾರತೀಯ ಸೈನಿಕರು ದಾಟಿ, 1963ರ ಜನವರಿ 3ರಂದು ಗಣಿಪಟ್ಟಣ ಜಾಡೋಟ್‌ವಿಲ್ ಸೇರಿದರು. ಅದು ನ್ಯೂಯಾರ್ಕ್ ನಿರೀಕ್ಷಿಸಿದ್ದಕ್ಕಿಂತ ವೇಗವಾಗಿತ್ತು. ವಿಚಾರಿಸಲು ಬಂಚ್ ಅವರನ್ನೇ ಕಳಿಸಬೇಕಾಯಿತು. ಜನವರಿ 14ರಂದು ಚೋಂಬೆ ಪ್ರತ್ಯೇಕತೆ ಮುಗಿಯಿತೆಂದು ಘೋಷಿಸಿದರು. ಆ ದಿನ ಅವರ ಬೆನ್ನಿಗೆ ನಿಲ್ಲುವ ಒಂದೇ ಒಂದು ಮಾನ್ಯತೆಯೂ ಇರಲಿಲ್ಲ. ಅದು ಎರಡೂವರೆ ವರ್ಷದ ರಾಜತಂತ್ರದ ದುಡಿಮೆಯ ಫಲ.

ವಿಶ್ವಸಂಸ್ಥೆಯ ಕೊನೆಯ ಸೈನಿಕರು ಕಾಂಗೋ ಬಿಟ್ಟದ್ದು 1964ರ ಜೂನ್ 30ರಂದು. ಮರುತಿಂಗಳು, ಜುಲೈನಲ್ಲಿ, ಅಖಂಡ ಕಾಂಗೋದ ಪ್ರಧಾನಿಯಾಗಿ ಅಧಿಕಾರ ವಹಿಸಿಕೊಂಡವರು ಮೊಯಿಸ್ ಚೋಂಬೆ.