ಹೊತ್ತು: ಸೂರ್ಯನೂ ಹೌದು, ಸಮಯವೂ ಹೌದು

ಹೊತ್ತು (ನಾಮಪದ): ಸೂರ್ಯ, ಸಮಯ, ವೇಳೆ.

ಹಳಗನ್ನಡದ ‘ಪೊೞ್ತು’ ಮುಂದೆ ‘ಪೊತ್ತು’ ಆಗಿ, ಪಕಾರ ಹಕಾರಕ್ಕೆ ತಿರುಗಿದಾಗ ‘ಹೊತ್ತು’ ಆಯಿತು. ತಮಿಳಿನ ‘ಪೊೞುದು’, ತೆಲುಗಿನ ‘ಪ್ರೊದ್ದು’, ತುಳುವಿನ ‘ಪೊರ್ತು’ ಇದರ ಬಳಗದವು.

‘ಹೊತ್ತು ಹುಟ್ಟಿತು’, ‘ಹೊತ್ತು ಮುಳುಗಿತು’ ಎಂಬಲ್ಲಿ ಹೊತ್ತೆಂದರೆ ಸೂರ್ಯನೇ. ‘ಮೂರು ಹೊತ್ತಿನ ಊಟ’, ‘ಹೊತ್ತು ಮೀರಿತು’ ಎಂಬಲ್ಲಿ ಸಮಯ. ಬೆಳಗಿನ ಜಾವದ ‘ಹೊತ್ತಾರೆ’ಯಲ್ಲೂ ‘ಈ ಹೊತ್ತು’ ಕೂಡಿ ಆದ ‘ಇವತ್ತು’ ಎಂಬಲ್ಲೂ ಇರುವುದು ಇದೇ ಪದ.

ಸೂರ್ಯನ ಹೊತ್ತಿಗೂ ಗಡಿಯಾರದ ಹೊತ್ತಿಗೂ ಅಂತರವಿರಬಹುದು. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿಯನ್ನು ಜರ್ಮನಿ 1916ರಲ್ಲಿ, ಯುದ್ಧಕಾಲದ ಇಂಧನ ಉಳಿತಾಯಕ್ಕೆಂದು, ದೇಶವ್ಯಾಪಿ ಜಾರಿಗೆ ತಂದಿತು. ಇದನ್ನು ಕೈಬಿಡಲು ಯುರೋಪಿಯನ್ ಸಂಸತ್ತು 2019ರಲ್ಲಿ ಮತ ಹಾಕಿತು. ಸದಸ್ಯ ದೇಶಗಳಲ್ಲಿ ಒಮ್ಮತ ಮೂಡದೆ ಅದು ಜಾರಿಯಾಗಲಿಲ್ಲ. ಅಮೆರಿಕದ ಸೆನೆಟ್ 2022ರಲ್ಲಿ ಬೇಸಿಗೆಯ ವೇಳೆಯನ್ನೇ ಕಾಯಂಗೊಳಿಸುವ ಮಸೂದೆಗೆ ಒಪ್ಪಿಗೆ ಕೊಟ್ಟರೂ ಕೆಳಮನೆ ಅದನ್ನು ಅಂಗೀಕರಿಸಲಿಲ್ಲ. ಸಂಜೆಯ ಬೆಳಕು ಬೇಕೆನ್ನುವವರು ಬೇಸಿಗೆಯ ವೇಳೆಯ ಪರ. ನಿದ್ರಾತಜ್ಞರಲ್ಲಿ ಹಲವರು ಸೂರ್ಯನಿಗೆ ಹತ್ತಿರವಾದ ಸಾಮಾನ್ಯ ವೇಳೆಯ ಪರ. ‘ಹೊತ್ತು’ ಪದದ ಎರಡು ಅರ್ಥಗಳನ್ನು ಎಷ್ಟು ಹತ್ತಿರ ಇಡಬೇಕೆಂಬುದೇ ಈ ಚರ್ಚೆಯ ತಿರುಳು.